ಬೊಳ್ಳ ಮುಗ್ಗರಿಸಿದ ಮಳೆಗಾಲ

ಪುತ್ತೂರಿನ ದರ್ಬೆಯಲ್ಲಿ ನಾವೀಗ ಇರುವ ಬಾಡಿಗೆ ಮನೆಯ ಹಿಂದೆ ಒಬ್ಬರು ಎಮ್ಮೆ ಸಾಕಿದ್ದಾರೆ. ನಿನ್ನೆ ಸಂಜೆ ಅವರು ಅಂಗಳದ ಒಲೆಯಲ್ಲಿ ಹುರುಳಿ ಬೇಯಲು ಇಟ್ಟರು. ಅದರ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ನಾನು ಮಗಳ ಜಡೆ ಹೆಣೆಯುತ್ತಿದ್ದೆ. ಕೈ ತಾನಾಗಿ ನಿಂತಿತು. "ಎಂತ ಆಯ್ತಮ್ಮ, ಹೇನು ಉಂಟಾ?" ಎಂದು ಅವಳು ಕೇಳಿದಳು. ಇಲ್ಲ ಎಂದೆ. ಎದ್ದು ಕಿಟಕಿ ಮುಚ್ಚಿ ಬಂದೆ. ಬೇಯುವ ಹುರುಳಿಯ ವಾಸನೆ ಬಂದರೆ ನನಗೆ ಹಸಿವಾಗುವುದಿಲ್ಲ, ಹೆದರಿಕೆಯಾಗುತ್ತದೆ. ಇದು ೧೯೫೭ರ ಮಳೆಗಾಲದಿಂದ ಅಂಟಿಕೊಂಡದ್ದು.

ಆ ವರ್ಷ ಏಪ್ರಿಲ್ ತಿಂಗಳಲ್ಲಿ ನನ್ನ ಮದುವೆಯಾಯಿತು. ನನಗೆ ಇಪ್ಪತ್ತು ತುಂಬಿತ್ತು. ಪುತ್ತೂರಿನಿಂದ ಕಡಬಕ್ಕೆ ಬಂದೆ. ಇವರು ಅಲ್ಲಿ ಪೇಟೆಯ ಕೊನೆಯ ಅಂಗಡಿಕೋಣೆಯಲ್ಲಿ ಡಾಕ್ಟರರಾಗಿ ಕೂತು ಎರಡು ವರ್ಷವಾಗಿತ್ತು. ಕೋಣೆಯ ಮುಂದಿನ ಭಾಗದಲ್ಲಿ ಔಷಧಿ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ, ಅದರ ಹಿಂದೆ ಒಂದು ಹಟ್ಟಿ. ಹಟ್ಟಿಯಲ್ಲಿ ದನ ಇರಲಿಲ್ಲ. ಒಂದು ಬೂದು ಬಣ್ಣದ ಕುದುರೆ ಇತ್ತು.

ಇವರಿಗೆ ಕುದುರೆ ಶೋಕಿಯಲ್ಲ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಬಲಗಾಲು ಮುರಿದು, ಸರಿಯಾಗಿ ಕೂಡದೆ, ಆ ಕಾಲು ಒಂದು ಅಂಗುಲ ಗಿಡ್ಡವಾಗಿತ್ತು. ಮೈಲಿಗಟ್ಟಲೆ ನಡೆದರೆ ಮರುದಿನ ಏಳಲಾಗುತ್ತಿರಲಿಲ್ಲ. ಆಗ ಬಸ್ಸು ಹೋಗುವ ರಸ್ತೆ ಒಂದೇ. ರೋಗಿಗಳು ಇದ್ದದ್ದು ಆ ರಸ್ತೆಯಲ್ಲಿ ಅಲ್ಲ; ಕೋಡಿಂಬಾಳದ ಆಚೆ, ನೆಟ್ಟಣದ ಕಾಡಿನ ಅಂಚಿನಲ್ಲಿ, ಹೊಳೆಗಳ ಆ ಬದಿಯಲ್ಲಿ. ಸುಳ್ಯದ ಕಡೆಯ ಒಂದು ರಬ್ಬರ್ ತೋಟದ ಮೆನೇಜರು ಊರು ಬಿಡುವಾಗ ಕುದುರೆಯನ್ನು ಕೊಟ್ಟು ಹೋದದ್ದರಿಂದ ಇವರ ವೃತ್ತಿ ಉಳಿದಿತ್ತು. ಅದಕ್ಕೆ ಇಂಗ್ಲಿಷಿನ ಒಂದು ಹೆಸರಿತ್ತಂತೆ. ಕಡಬದ ಜನ ಬಿಳಿ ಎತ್ತಿಗೆ, ಬಿಳಿ ಕೋಣಕ್ಕೆ ಕರೆಯುವ ಹಾಗೆ ಇದನ್ನೂ ಬೊಳ್ಳ ಎಂದರು. ಅದೇ ನಿಂತಿತು.

ಮೊದಲು ನಾನು ಹೆದರಿದ್ದು ಬೊಳ್ಳನಿಗೇ. ದನದ ಮುಖ ನನಗೆ ಗೊತ್ತು, ಕುದುರೆಯ ಮುಖ ಗೊತ್ತಿಲ್ಲ. ಆ ಉದ್ದ ತಲೆ ಹಟ್ಟಿಯ ಕತ್ತಲಿನಿಂದ ಹೊರಗೆ ಬಂದರೆ ನಾನು ಬಟ್ಟೆ ಒಣಗಿಸುವುದನ್ನು ಬಿಟ್ಟು ಒಳಗೆ ಓಡುತ್ತಿದ್ದೆ. ಅದನ್ನು ನೋಡಿಕೊಳ್ಳುತ್ತಿದ್ದ ಐತಪ್ಪ, ಜನ್ಮವೆಲ್ಲ ದನಗಳ ಹಿಂದೆಯೇ ನಡೆದ ಮುದುಕ, ನಗುತ್ತಿದ್ದ.

"ಅಮ್ಮ, ಅದು ಹಾಯುದಿಲ್ಲ, ಕೊಂಬು ಇಲ್ಲ."

"ಕಚ್ಚಿದರೆ?"

"ಕಚ್ಚುದಕ್ಕೆ ಅದಕ್ಕೆ ಪುರುಸೊತ್ತು ಎಲ್ಲಿ? ಇಡೀ ದಿನ ನಾನು ತಿನ್ನಿಸುದೇ."

ತಿನ್ನಿಸುತ್ತಿದ್ದದ್ದು ನಿಜ. ಬೆಳಿಗ್ಗೆ ಒಂದು ಮರದ ಮರಿಗೆ ತುಂಬ, ಸಂಜೆ ಒಂದು ಮರಿಗೆ ತುಂಬ. ಅಕ್ಕಿ ತೊಳೆದ ನೀರು, ತೌಡು, ಅನ್ನದ ಗಂಜಿ, ಅದರಲ್ಲಿ ಮೆತ್ತಗೆ ಬೇಯಿಸಿದ ಹುರುಳಿ. ಕರೆಯುವ ಹಸುವಿಗೆ ಕೊಡುವ ಆ ಅಕ್ಕಚ್ಚು ನಮ್ಮ ಕಡೆ ಪ್ರೀತಿಯ ಅಳತೆ. ಹಲ್ಲೇ ಬೇಡವೆನ್ನುವಷ್ಟು ನುಣ್ಣಗಿನ ಆಹಾರ. ಹುಲ್ಲು ಹಾಕಿದರೂ ಅದು ಕಾಟಾಚಾರಕ್ಕೆ, ಒಂದು ಹಿಡಿ.

ಅಪ್ಪ ಹಾಕಿಕೊಟ್ಟ ಅಭ್ಯಾಸದಿಂದ ನಾನು ಹನ್ನೆರಡನೇ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೆ. ಮದುವೆಯ ಮೇಲೆ ಅದರಲ್ಲಿ ಒಂದು ಹೊಸ ಸಾಲು ಸೇರಿತು: ಇವರು ಯಾವ ಕಡೆಗೆ ಹೊರಟರು, ಎಷ್ಟು ಹೊತ್ತಿಗೆ ಬಂದರು. ಯಾರೂ ಕೇಳಿರಲಿಲ್ಲ. ಬರೆಯದಿದ್ದರೆ ಬರುವುದಿಲ್ಲವೇನೋ ಎಂಬ ಒಂದು ಮಂಕು ನಂಬಿಕೆ.

ಜೂನ್ ಒಂಬತ್ತರಂದು ಬೊಳ್ಳ ಮೊದಲನೇ ಸಲ ಮುಗ್ಗರಿಸಿತು. ಕೋಡಿಂಬಾಳದ ಗದ್ದೆಗಳ ನಡುವಿನ ಮಣ್ಣಿನ ಹುಣಿಯ ಮೇಲೆ. ಇವರು ಕೆಸರಿನಲ್ಲಿ ಬಿದ್ದು, ಮುಖವೆಲ್ಲ ಕೆಂಪಾಗಿ ಮನೆಗೆ ಬಂದರು. ಊಟ ಬಡಿಸುವಾಗ ನಾನು ಅಳುತ್ತಿದ್ದೆ, ಇವರು ನಗುತ್ತಿದ್ದರು. "ಎಂತ ಮಾರಾಯ್ತಿ, ನೆಡುವ ಹೆಂಗಸರೆಲ್ಲ ನೋಡಿ ನಕ್ಕದ್ದೇ ನಕ್ಕದ್ದು. ನೀನೊಬ್ಬಳು ಅಳುದಾ?"

ಎರಡನೇ ಸಲ ನಗು ಇರಲಿಲ್ಲ. ಜೂನ್ ಕೊನೆಯ ವಾರ, ಹೊಳೆಯಲ್ಲಿ. ಜನ ದಾಟುವುದಕ್ಕೆ ಮರದ ಸಂಕ ಇತ್ತು. ಕುದುರೆ ಅದರ ಮೇಲೆ ಹೋಗದು. ಸಂಕದ ಮೇಲ್ಬದಿಯಲ್ಲಿ ಬಂಡೆಹಾಸು ಇದ್ದ ಕಡೆ ನೀರಿಗೆ ಇಳಿದೇ ದಾಟಬೇಕು. ನಡುಹೊಳೆಯಲ್ಲಿ ಬೊಳ್ಳನ ಎಡ ಮುಂಗಾಲು ಜಾರಿ, ಮೊಣಕಾಲೂರಿ, ನೀರು ಜೀನಿನ ಮೇಲೆ ಹರಿಯಿತು. ಔಷಧಿ ಚೀಲ ತೇಲಿ ಹೋಯಿತು. ಇವರು ಹೇಗೋ ಕುದುರೆಯ ಕುತ್ತಿಗೆ ಹಿಡಿದುಕೊಂಡು ಉಳಿದರು. ಇವರಿಗೆ ಈಜು ಬರುತ್ತಿರಲಿಲ್ಲ. ನನಗೆ ಅದು ತಿಳಿದದ್ದು ಆ ದಿನವೇ.

"ಇನ್ನು ಹೊಳೆ ಆಚೆ ಹೋಗುದು ಬೇಡ" ಎಂದೆ.

"ಆಚೆಯವರು ಈಚೆ ಬರುದು ಹೇಗೆ?"

"ಹೊತ್ತುಕೊಂಡು ಬರಲಿ."

"ಜ್ವರದವರನ್ನು ತರಬಹುದು. ಹೆರಿಗೆಯವಳನ್ನು ಸಂಕದ ಮೇಲೆ ತರ್ತಾರಾ?"

ಮಳೆ ಇನ್ನೂ ಎರಡು ತಿಂಗಳು ಇತ್ತು. ಕುದುರೆ ಸರಿಯಾಗದಿದ್ದರೆ ಒಂದು ದಿನ ಚೀಲದ ಬದಲು ಇವರು ತೇಲಿ ಹೋಗುತ್ತಾರೆ ಎಂಬುದು ನನಗೆ ಖಚಿತವಾಗಿತ್ತು. ಅನ್ನ ಬಾಗಿಸುವಾಗ ನೀರು ಬಸಿಯುವ ಸದ್ದು ಕೇಳಿದರೂ ಎದೆ ಹಾರುತ್ತಿತ್ತು.

ಮೋನಾಕ ಬಂದರು. ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಗಾಡಿ ಎತ್ತುಗಳಿಗೆ ಲಾಳ ಕಟ್ಟುತ್ತಾ ತಿರುಗುವ ಬ್ಯಾರಿ ಮನುಷ್ಯ. ಬೊಳ್ಳನಿಗೂ ಅವರೇ ಲಾಳ ಹಾಕುತ್ತಿದ್ದದ್ದು. ಎಡ ಗೊರಸನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದರು. ಹೊರಬದಿ ಒತ್ತಿ ಸವೆದು ತಗ್ಗಾಗಿತ್ತು. ಬಲ ಗೊರಸು ಅದಕ್ಕೆ ವಿರುದ್ಧ, ಮುಂದೆ ಉದ್ದ ಬೆಳೆದಿತ್ತು.

"ಇದು ಎಂತದು ಡಾಕ್ಟ್ರೆ, ಒಂದೇ ಕುದುರೆಗೆ ಎರಡು ಕುದುರೆಯ ಕಾಲು ಉಂಟಲ್ಲ!"

ಕೆತ್ತಿ, ಸಮ ಮಾಡಿ, ಹೊಸ ಲಾಳ ಹೊಡೆದರು. ಬೊಳ್ಳ ಹತ್ತು ದಿನ ಚೆನ್ನಾಗಿ ನಡೆಯಿತು. ನಾನು ದೇವರಿಗೆ ತೆಂಗಿನಕಾಯಿ ಒಡೆದೆ. ಮೂರನೇ ವಾರಕ್ಕೆ ಲಾಳದ ಹೊರಬದಿ ಮತ್ತೆ ತೆಳ್ಳಗಾಗಿತ್ತು, ಬೊಳ್ಳ ಮತ್ತೆ ಮುಗ್ಗರಿಸುತ್ತಿತ್ತು. ಮೋನಾಕ ಮತ್ತೆ ಬಂದರು, ಮತ್ತೆ ಕೆತ್ತಿದರು. ಪಕ್ಕದ ಅಂಗಡಿಯವರು ದೃಷ್ಟಿ ತಾಗಿದೆ ಎಂದರು. ಐತಪ್ಪ ಅಕ್ಕಚ್ಚಿಗೆ ಇನ್ನಷ್ಟು ಹುರುಳಿ ಹಾಕಿದ. "ಕಾಲಿನಲ್ಲಿ ಶಕ್ತಿ ಇಲ್ಲ ಅಮ್ಮ, ಪಾಪ. ತಿನ್ನಲಿ." ಎರಡು ಹೊತ್ತೂ ಹುರುಳಿ ಬೇಯುವ ವಾಸನೆ ಮನೆಯೊಳಗೆ ತುಂಬಿ ನಿಲ್ಲುತ್ತಿತ್ತು, ಆ ವಾಸನೆಯ ಒಳಗೇ ಕೂತು ನಾನು ಇವರ ದಾರಿ ಕಾಯುತ್ತಿದ್ದೆ. ಇಷ್ಟು ತಿಂದೂ ಬೊಳ್ಳನ ಪಕ್ಕೆಲುಬು ಕಾಣಲು ತೊಡಗಿತು.

ಆಗಸ್ಟ್ ಮೊದಲಲ್ಲಿ, ಆಟಿ ತಿಂಗಳ ಒಂದು ಮಧ್ಯಾಹ್ನ ನಾನು ಇವರ ಚಪ್ಪಲಿಯ ಕೆಸರು ಕೆರೆಯುತ್ತಿದ್ದೆ. ಎಡ ಚಪ್ಪಲಿಯ ಹಿಮ್ಮಡಿ ಹೊರಬದಿಯಲ್ಲಿ ಸವೆದು ಓರೆಯಾಗಿತ್ತು. ಇದು ಹೊಸತಲ್ಲ. ಮದುವೆಯಾದ ಮೇಲೆ ಎರಡನೇ ಜೊತೆ, ಎರಡೂ ಹೀಗೆಯೇ. ಗಿಡ್ಡ ಕಾಲು ಬಲದ್ದು, ಸವೆಯುವುದು ಎಡದ್ದು. ನೋವಿರುವ ಕಡೆ ಭಾರ ಹಾಕದೆ ಇವರು ಇನ್ನೊಂದು ಕಡೆಗೆ ವಾಲುತ್ತಿದ್ದರು. ಚಮ್ಮಾರ ಎಷ್ಟು ಸಲ ಹಿಮ್ಮಡಿ ಹೊಡೆದುಕೊಟ್ಟರೂ ಇವರ ನಡಿಗೆ ಬದಲಾಗಿರಲಿಲ್ಲ.

ಚಪ್ಪಲಿಯನ್ನು ಅಲ್ಲೇ ಬಿಟ್ಟು ಹಟ್ಟಿಗೆ ಹೋದೆ. ಐತಪ್ಪ ಊಟಕ್ಕೆ ಹೋಗಿದ್ದ. ಹೆದರಿಕೆಯಿಂದ ಬಾಗಿಲಿನಲ್ಲೇ ನಿಂತು ಬೊಳ್ಳನನ್ನು ನೋಡಿದೆ. ಇಷ್ಟು ದಿನ ಎಲ್ಲರೂ ಅದರ ಕಾಲನ್ನೇ ನೋಡಿದ್ದೆವು. ನಾನು ಕಾಲಿನಿಂದ ಮೇಲೆ ನೋಡಲು ತೊಡಗಿದೆ. ಭುಜ, ಕುತ್ತಿಗೆ, ತಲೆ. ತಲೆ ನೇರ ಇರಲಿಲ್ಲ. ಯಾರೋ ಎಡಗಡೆಯಿಂದ ಕರೆದಂತೆ ಸ್ವಲ್ಪ ವಾಲಿಸಿ ಹಿಡಿದಿತ್ತು. ಒಂದು ಹಿಡಿ ಹಸಿಹುಲ್ಲು ಎಸೆದೆ. ಬಾಯಿಗೆ ತೆಗೆದುಕೊಂಡಿತು, ತಲೆ ಇನ್ನಷ್ಟು ವಾಲಿಸಿ ಅಗಿಯಿತು, ನಿಂತಿತು, ಮತ್ತೆ ಅಗಿಯಿತು. ಆಮೇಲೆ ಹುಲ್ಲು ಒದ್ದೆ ಉಂಡೆಯಾಗಿ ಬಾಯಿಯಿಂದ ಕೆಳಗೆ ಬಿತ್ತು. ನೆಲವನ್ನು ನೋಡಿದೆ. ಗೊಬ್ಬರದ ನಡುವೆ ಅಂಥ ಉಂಡೆಗಳು ಬೇಕಾದಷ್ಟು ಇದ್ದವು. ಐತಪ್ಪ ದಿನವೂ ಗುಡಿಸುತ್ತಿದ್ದನಲ್ಲ, ದನದಂತೆ ಇದೂ ಮೆಲುಕು ಹಾಕಿ ಉಗುಳಿದ್ದು ಎಂದು ತಿಳಿದಿರಬೇಕು. ಕುದುರೆ ಮೆಲುಕು ಹಾಕುವುದಿಲ್ಲ ಎಂಬುದು ನನಗೂ ಆಗ ಹೊಳೆದದ್ದು.

ಸಂಜೆ ಇವರಿಗೆ ಹೇಳಿದೆ. ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಎಡಗಾಲು ಮುಂದಿಟ್ಟು, ಬಲಗಾಲು ಎಳೆದುಕೊಂಡು ಹಟ್ಟಿಗೆ ಹೋದರು. ಬೊಳ್ಳನ ಕೆನ್ನೆಯನ್ನು ಹೊರಗಿನಿಂದ ಬೆರಳಲ್ಲಿ ಒತ್ತಿದರು. ಎಡಗಡೆ ಸುಮ್ಮನಿತ್ತು. ಬಲಗಡೆ ಒತ್ತಿದ್ದೇ ತಲೆ ಮೇಲೆತ್ತಿ, ಕಣ್ಣಿನ ಬಿಳಿ ತೋರಿಸಿ, ಹಗ್ಗ ಹರಿಯುವಷ್ಟು ಜಗ್ಗಿತು.

"ಬಾಯಿ ನೋಡಿದ್ದೇವೆ ಡಾಕ್ಟ್ರೆ" ಎಂದ ಐತಪ್ಪ. "ಹಲ್ಲು ಎಲ್ಲ ಸರಿ ಉಂಟು."

"ಯಾವ ಹಲ್ಲು ನೋಡಿದ್ದು?"

"ಮುಂದಿನದ್ದು. ಎತ್ತಿಗೆ ನೋಡುದು ಮುಂದಿನದ್ದೇ ಅಲ್ಲವಾ?"

ಮರುದಿನ ಮೋನಾಕನನ್ನು ಕರೆಸಿದರು. ಮಾತು ಕೇಳಿ ಮೋನಾಕ ತಲೆಯ ಟೊಪ್ಪಿ ತೆಗೆದು ಕೆರೆದುಕೊಂಡರು. "ಮಂಗಳೂರಲ್ಲಿ ಜಟಕಾದವರು ಕುದುರೆಯ ಹಲ್ಲಿಗೆ ಕಬ್ಬಿಣದ ಅರ ಹಾಕಿ ಉಜ್ಜುದು ನಾನು ನೋಡಿದ್ದುಂಟು. ಎಂತಕ್ಕೆ ಅಂತ ಕೇಳ್ಲಿಲ್ಲ. ನಾನು ಮಾಡಿದವ ಅಲ್ಲ, ಈಗಲೇ ಹೇಳ್ತೇನೆ."

"ನಾನೂ ಮಾಡಿದವ ಅಲ್ಲ" ಎಂದರು ಇವರು. "ಇಬ್ಬರೂ ಕಲಿಯುವ."

ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇರುತ್ತದೆ. ಕಡಿವಾಣ ಕೂರುವುದು ಅಲ್ಲಿಯೇ. ಅಲ್ಲಿಂದ ಕೈ ಹಾಕಿ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದರೆ ಕುದುರೆ ಬಾಯಿ ಮುಚ್ಚುವುದಿಲ್ಲ, ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಳ್ಳಲಾರದು. ಮೋನಾಕ ನೋಡಿದ್ದು ಅಷ್ಟು. ಮೋನಾಕ ಅರ ಹಿಡಿಯಬೇಕು, ಇವರು ಟಾರ್ಚು ಹಿಡಿದು ದಾರಿ ತೋರಿಸಬೇಕು, ಐತಪ್ಪ ತಲೆಯ ಹಗ್ಗ ಹಿಡಿಯಬೇಕು. ನಾಲಿಗೆ ಹಿಡಿಯುವುದಕ್ಕೆ ಉಳಿದವಳು ನಾನು.

"ಬೇಡ, ಅಂಗಡಿಯಿಂದ ಯಾರನ್ನಾದರೂ ಕರೆಯುವ" ಎಂದರು ಇವರು, ನನ್ನ ಮುಖ ನೋಡಿ.

ಬಟ್ಟೆ ಒಣಗಿಸುವಾಗಲೂ ಅದರ ತಲೆ ಕಂಡರೆ ಓಡುವವಳು ನಾನು. ಆದರೆ ಅಂಗಡಿಯಿಂದ ಬಂದವನು ಹೆದರಿ ಕೈ ಬಿಟ್ಟರೆ? ಅವನು ನನ್ನ ಹಾಗೆ ಇವರ ದಾರಿ ಕಾಯುವವನಲ್ಲ. ಸೆರಗು ಬಿಗಿದು ಒಳಗೆ ಹೋದೆ.

ಒಂದು ಒರಟು ಬಟ್ಟೆ ಸುತ್ತಿ ಆ ನಾಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಬಿಸಿ, ಭಾರ, ಜೀವಂತ ಮೀನಿನ ಹಾಗೆ ಜಾರುವಂಥದ್ದು. ಬೊಳ್ಳನ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತಿತ್ತು, ಅದರಲ್ಲಿ ಕೊಳೆತ ವಾಸನೆ ಇತ್ತು. ಇವರು ಟಾರ್ಚು ಹಾಕಿದರು.

"ಅಯ್ಯೋ ದೇವರೇ" ಎಂದರು.

ಬಲಗಡೆಯ ಮೇಲಿನ ಮೊದಲ ದವಡೆ ಹಲ್ಲು ಸೊಪ್ಪು ಕಡಿಯುವ ಕತ್ತಿಯ ಮೂಗಿನ ಹಾಗೆ ಕೆಳಗೆ ಬಾಗಿ ಬೆಳೆದಿತ್ತು. ಅದರ ಹಿಂದಿನವುಗಳ ಹೊರ ಅಂಚು ಹರಿತವಾಗಿ ಕೆನ್ನೆಯ ಒಳಗೆ ಉದ್ದ ಗಾಯ ಮಾಡಿತ್ತು. ಕುದುರೆಯ ಹಲ್ಲು ಜೀವಮಾನವಿಡೀ ಮೇಲೆ ಬರುತ್ತಲೇ ಇರುತ್ತದಂತೆ, ಒರಟು ಹುಲ್ಲು ಅಗಿದಗಿದು ಸವೆಯಬೇಕಂತೆ. ನಾವು ಅಗಿಯುವ ಕೆಲಸವನ್ನೇ ಕೊಟ್ಟಿರಲಿಲ್ಲ. ಹಸುವನ್ನು ಸಾಕುವ ಹಾಗೆ ಮುದ್ದಿನಿಂದ ಸಾಕಿದ್ದೆವು.

ಮೋನಾಕ ಸಣ್ಣ ಅರವೊಂದನ್ನು ಬಿದಿರಿನ ಸೀಳಿಗೆ ಕಟ್ಟಿ, ಅಂಚಿಗೆ ಬಟ್ಟೆ ಸುತ್ತಿ ತಯಾರು ಮಾಡಿದ್ದರು. ಮೊದಲ ಸಲ ಉಜ್ಜಿದಾಗ ಬೊಳ್ಳ ನನ್ನನ್ನು ನೆಲದಿಂದ ಎತ್ತಿಬಿಟ್ಟಿತು. ಕಾಲು ಗಾಳಿಯಲ್ಲಿ, ಕೈ ನಾಲಿಗೆಯಲ್ಲಿ. "ಬಿಡಬೇಡಿ ಅಮ್ಮ!" ಎಂದು ಐತಪ್ಪ ಕೂಗಿದ. ಬಿಡಬೇಕೆಂದರೂ ಬೆರಳು ಬಿಚ್ಚಿಕೊಳ್ಳುತ್ತಿರಲಿಲ್ಲ. ಅರ ಹಲ್ಲನ್ನು ತಿನ್ನುವ ಸದ್ದು ನನ್ನ ಹಲ್ಲಿನ ಬುಡದಲ್ಲೇ ಕೇಳಿತು. ಉಜ್ಜುವುದು, ನಿಲ್ಲಿಸುವುದು, ನೀರು ಹೊಯ್ಯುವುದು, ಮತ್ತೆ ಉಜ್ಜುವುದು. ಮೋನಾಕನ ಬೆವರು ಗಡ್ಡದಿಂದ ಇಳಿಯುತ್ತಿತ್ತು. ಎಷ್ಟು ಹೊತ್ತಾಯಿತೋ ನಾನು ಬರೆದಿಡಲಿಲ್ಲ. ಆ ದಿನದ ಪುಟದಲ್ಲಿ "ಹಲ್ಲು" ಎಂಬ ಒಂದೇ ಶಬ್ದ ಉಂಟು.

ಕೆಲಸ ಮುಗಿದ ಮೇಲೆ ಇವರು ಜಗಲಿಯಲ್ಲಿ ಕೂತು ಮೋನಾಕನ ಜೊತೆ ಲೆಕ್ಕ ಹಾಕಿದರು. ಬಲಗಡೆ ಹಲ್ಲು ಚುಚ್ಚುತ್ತದೆ. ಲಗಾಮು ಎಳೆದರೆ ಇನ್ನೂ ಚುಚ್ಚುತ್ತದೆ. ಅದಕ್ಕೆ ತಲೆ ಎಡಕ್ಕೆ ಹಿಡಿಯುತ್ತದೆ, ಕುತ್ತಿಗೆ ಮರಗಟ್ಟುತ್ತದೆ, ಮುಂಭಾಗದ ಭಾರವೆಲ್ಲ ಎಡ ಮುಂಗಾಲಿಗೆ ಬೀಳುತ್ತದೆ. ಎಡ ಗೊರಸು ಒತ್ತಿ ಸವೆಯುತ್ತದೆ. ಭಾರ ಬೀಳದ ಬಲ ಗೊರಸು ಉದ್ದ ಬೆಳೆಯುತ್ತದೆ. ಗೊರಸು ಓರೆಯಾದ ಮೇಲೆ ನಡಿಗೆ ಇನ್ನೂ ಓರೆ, ಕುತ್ತಿಗೆ ಇನ್ನೂ ಬಿಗಿ, ಅಗಿಯುವುದು ಇನ್ನೂ ಕಷ್ಟ.

"ಹಾಗಾದರೆ ನಾನು ಕಾಲು ಕೆತ್ತಿದ್ದು ಸುಮ್ಮನೆಯಾ?" ಎಂದರು ಮೋನಾಕ.

"ಸುಮ್ಮನೆ ಅಲ್ಲ. ಅರ್ಧ. ಈಗ ಎರಡೂ ಒಟ್ಟಿಗೆ ಆಗಬೇಕು. ಕಾಲನ್ನು ಒಂದೇ ಸಲ ಸಮ ಮಾಡ್ಬೇಡಿ, ಸ್ವಲ್ಪ ಸ್ವಲ್ಪ."

ಗೊರಸು ಪೂರ್ತಿ ಸರಿಯಾಗುವಾಗ ದೀಪಾವಳಿ ದಾಟಿತು. ಅಕ್ಕಚ್ಚು ನಿಂತದ್ದು ಮಾತ್ರ ಆ ದಿನವೇ. ಇನ್ನು ಉದ್ದ ಹುಲ್ಲು, ಬೈಹುಲ್ಲು, ಅಗಿಯುವಂಥದ್ದು. ಐತಪ್ಪನಿಗೆ ತಡೆಯಲಾಗಲಿಲ್ಲ. "ಡಾಕ್ಟ್ರ ಮನೆಯಲ್ಲಿ ಕುದುರೆಗೆ ಒಂದು ಗುಟುಕು ಗಂಜಿಗೂ ಗತಿ ಇಲ್ಲ ಅಂತ ಊರಿನವರು ಹೇಳಿಯಾರು. ನನ್ನ ಮುಖ ಎಲ್ಲಿ ಇಡುದು?"

ಅರ ಹಾಕಿದ ನಾಲ್ಕನೇ ದಿನ ಬೆಳಿಗ್ಗೆ ಹೊಳೆಯಾಚೆಯಿಂದ ಒಬ್ಬ ಗೌಡರ ಹುಡುಗ ಸಂಕ ದಾಟಿ ಓಡಿಬಂದ. ಅವನ ಹೆಂಡತಿಗೆ ಹಿಂದಿನ ದಿನದಿಂದ ನೋವು. ಮಗು ಅಡ್ಡ ಉಂಟು ಎಂದು ಸೂಲಗಿತ್ತಿ ಹೇಳಿದ್ದಾಳೆ. ಇವರು ಚೀಲ ಕಟ್ಟಿದರು. ಹೊಳೆಯಿಂದ ಆ ಮನೆಗೆ ಮೂರು ಮೈಲಿ ಏರು. ಕುದುರೆಯಿಲ್ಲದೆ ಆಗದು.

ಬೊಳ್ಳನ ಕೆನ್ನೆಯ ಗಾಯ ಇನ್ನೂ ಹಸಿ. ಗೊರಸು ಇನ್ನೂ ಓರೆ. ಬಾಯಿಗೆ ಕಡಿವಾಣ ಹಾಕುವ ಹಾಗಿಲ್ಲ; ತಲೆಗೆ ಬರೀ ಹಗ್ಗ. ಇವರನ್ನು ತಡೆಯಲು ನಾನು ಬಾಯಿ ತೆರೆದೆ. ಆ ಹುಡುಗ ನನ್ನನ್ನೇ ನೋಡುತ್ತಿದ್ದ. ಅವನ ತುಟಿ ಒಣಗಿತ್ತು. ನನ್ನ ಹೆದರಿಕೆಯೇ ಅವನ ಮುಖದಲ್ಲೂ ಇತ್ತು. ಬಾಯಿ ಮುಚ್ಚಿದೆ.

ಐತಪ್ಪನ ಜೊತೆ ನಾನೂ ಹೊಳೆಯವರೆಗೆ ಹೋದೆ. ತಲೆಗೆ ಹೊದ್ದ ಓಲೆಯ ಗೊರಬೆಯ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ನೀರು ಕೆಂಪಾಗಿ, ಬಂಡೆಹಾಸಿನ ಮೇಲೆ ಕುದುರೆಯ ಹೊಟ್ಟೆ ಮುಟ್ಟುವಷ್ಟು ಇತ್ತು. ಹುಡುಗ ಸಂಕದ ಮೇಲೆ ಮುಂದೆ ಓಡಿದ. ಇವರು ಹಗ್ಗ ಸಡಿಲ ಬಿಟ್ಟರು. ಬೊಳ್ಳ ನೀರಿನ ಅಂಚಿನಲ್ಲಿ ನಿಂತಿತು. ಅದು ನೆನಪಿಟ್ಟುಕೊಂಡಿತ್ತು. ಇವರು ಕುತ್ತಿಗೆ ತಟ್ಟಿ ಏನೋ ಹೇಳಿದರು. ಅದು ತಲೆ ತಗ್ಗಿಸಿತು, ನೀರನ್ನು ಮೂಸಿತು, ಇಳಿಯಿತು.

ನಡುಹೊಳೆಯಲ್ಲಿ ಎಡಗಾಲು ಒಮ್ಮೆ ಜಾರಿತು. ಹಿಂದೆಲ್ಲ ಅದು ತಲೆ ಮೇಲೆತ್ತಿ ಬಿಗಿಯಾಗಿ ಬೀಳುತ್ತಿತ್ತಂತೆ. ಈ ಸಲ ಕುತ್ತಿಗೆ ಉದ್ದ ಚಾಚಿ, ತಲೆಯನ್ನು ನೀರಿನ ಹತ್ತಿರ ನೇರ ಹಿಡಿದು, ಬಲಗಾಲನ್ನು ಊರಿ ನಿಂತಿತು. ಬಂಡೆಯನ್ನು ಹುಡುಕಿತು. ಮತ್ತೆ ನಡೆಯಿತು. ಆಚೆ ದಡದ ಹೊದರಿನಲ್ಲಿ ಬೂದು ಬೆನ್ನು ಮರೆಯಾಯಿತು.

"ದಾಟಿದರಲ್ಲ, ಇನ್ನು ಹೋಗುವ ಅಮ್ಮ" ಎಂದ ಐತಪ್ಪ.

ದಾಟಿದರು. ಆಗ ನನಗೆ ಹೊಳೆಯಿತು: ಇನ್ನು ಹಿಂದೆ ಬರಬೇಕಲ್ಲ. ಮಳೆ ಬಿಡುತ್ತಿರಲಿಲ್ಲ. ನಾನು ಒಂದು ಕಲ್ಲಿನ ಮೇಲೆ ಕೂತೆ. ಐತಪ್ಪ ಎರಡು ಸಲ ಕರೆದ, ಆಮೇಲೆ ಗೊಣಗುತ್ತಾ ತಾನೂ ಕೂತ. ಮಧ್ಯಾಹ್ನವಾಯಿತು. ಅವನು ಸಂಚಿ ಬಿಚ್ಚಿ ಎಲೆ ತಿಂದ. ನೀರು ಕಲ್ಲಿನ ಬುಡಕ್ಕೆ ಬಂತು, ನಾನು ಮೇಲಿನ ಕಲ್ಲಿಗೆ ಸರಿದೆ.

ಬೆಳಕು ಕಂದುವ ಹೊತ್ತಿಗೆ ಆಚೆ ದಡದಲ್ಲಿ ಬೂದು ಬಣ್ಣ ಕಂಡಿತು. ಕೂಗಿದರೆ ಕುದುರೆ ಬೆದರೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ಕಾಲಿನಿಂದ ಕಾಲು, ಕಲ್ಲಿನಿಂದ ಕಲ್ಲು. ನಾಲ್ಕೂ ಗೊರಸು ಈಚೆಯ ನೆಲಕ್ಕೆ ಬಂದ ಮೇಲೆ ನನಗೆ ಸ್ವರ ಬಂತು.

"ಇಷ್ಟು ಹೊತ್ತು ಎಂತ ಮಾಡ್ತಾ ಇದ್ರಿ?"

ಇವರು ಕನ್ನಡಕ ಒರೆಸಿಕೊಂಡು ನನ್ನನ್ನು ನೋಡಿದರು. "ಇಬ್ಬರೂ ಉಂಟು" ಎಂದರು. "ತಾಯಿಯೂ ಉಂಟು, ಮಗುವೂ ಉಂಟು." ಆಮೇಲೆ ನನ್ನ ಒದ್ದೆ ಸೀರೆ ನೋಡಿ, "ನೀನು ಬೆಳಗಿನಿಂದ ಇಲ್ಲೇ ಇದ್ದದ್ದಾ?"

"ಇಲ್ಲ. ಈಗ ಬಂದೆ."

"ಈಗ ಬಂದದ್ದು ಎಲ್ಲಿ?" ಎಂದ ಐತಪ್ಪ, ಹಸಿವಿನ ಸಿಟ್ಟಿನಲ್ಲಿ. "ಒಂದು ಗುಟುಕು ನೀರಿಲ್ಲದೆ ನನ್ನನ್ನೂ ಕೂರಿಸಿದ್ದಾರೆ ಡಾಕ್ಟ್ರೆ, ಇಡೀ ದಿನ."

ಇವರು ಜೀನಿನಿಂದ ಇಳಿದು, ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಬೊಳ್ಳ ಕಚ್ಚೀತೆಂದು ನಾನು ಹಿಂದೆ ಸರಿಯಲಿಲ್ಲ. ಇವರ ಬೆರಳುಗಳ ನಡುವೆ ಬೊಳ್ಳನ ಕುತ್ತಿಗೆಯ ಕೂದಲು ಕಿತ್ತು ಬಂದು ಸಿಕ್ಕಿಕೊಂಡಿತ್ತು, ಅಷ್ಟು ಬಿಗಿಯಾಗಿ ಹಿಡಿದಿದ್ದರು. ಅಷ್ಟು ದಿನ ಹೆದರುತ್ತಿದ್ದವಳು ನಾನೊಬ್ಬಳೇ ಎಂದು ತಿಳಿದುಕೊಂಡಿದ್ದೆ.